ಕರಾರಿನಲ್ಲಿ ನನ್ನ ಹೆಸರಿರಲಿಲ್ಲ

ಗಂಡನ ಪೆಟ್ಟು ತಿಂದು ಹರಿಹರದ ಅಕ್ಕನ ಮನೆಗೆ ಬಂದು ಒಂಬತ್ತು ದಿನ ಆಗಿತ್ತು. ದಾವಣಗೆರೆಯ ನಿಟುವಳ್ಳಿಯಿಂದ ಮನೆ ಮಾಲೀಕರ ಫೋನ್ ಬಂತು. 'ಅಮ್ಮಾ, ನಿಮ್ಮ ಯಜಮಾನ್ರು ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀವಿ ಅಂದಾರೆ. ಅಡ್ವಾನ್ಸ್ ಕೇಳ್ತಾ ಇದಾರೆ. ನಿಮ್ಮ ಹೊಲಿಗೆ ಮಿಷಿನ್ ಏನ್ ಮಾಡ್ಲಿ?'

ಮಿಷಿನ್ ವಿಷಯ ಕೇಳಿದ್ದಕ್ಕೆ ಆ ಹಿರಿಯರಿಗೆ ಇವತ್ತಿಗೂ ಋಣಿ. ಸುಮ್ಮನೆ ದುಡ್ಡು ಎಣಿಸಿ ಕೊಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಬಾಡಿಗೆ 7,000, ಅಡ್ವಾನ್ಸ್ 70,000, ಎಲ್ಲರ ಹಾಗೆ 11 ತಿಂಗಳ ಕರಾರು. ಸಹಿ ಅವನದು. ಅಡ್ವಾನ್ಸ್ ಹೊಂದಿಸಲು ಅಡ ಇಟ್ಟದ್ದು ಮಾತ್ರ ತವರಲ್ಲಿ ನನಗೆ ಹಾಕಿದ್ದ ಎರಡೆಳೆ ಸರ. ಅದರ ರಸೀದಿ ಮಿಷಿನ್ ಡ್ರಾವರಿನಲ್ಲಿ, ದಾರದ ಉಂಡೆಗಳ ಕೆಳಗೆ ಇತ್ತು. ಮಾಲೀಕರ ಮಗಳು ಅದರ ಫೋಟೊ ತೆಗೆದು ಕಳಿಸಿದಳು. ಕೇಸಿನಲ್ಲಿ ನನ್ನ ಕೈ ಹಿಡಿದದ್ದು ಆ ಚೀಟಿಯೇ.

ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದವರು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕಳಿಸಿದರು. ಅದು ಅಂಗನವಾಡಿ ನೋಡಿಕೊಳ್ಳುವ ಆಫೀಸು ಅಂತಷ್ಟೇ ತಿಳಿದಿದ್ದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿ ಅನ್ನುವುದು ಅಲ್ಲಿ ಬೆಂಚಿನ ಮೇಲೆ ಕೂತಾಗ ತಿಳಿಯಿತು. ಅವರು ಡಿಐಆರ್, ಅಂದರೆ ಮನೆಯಲ್ಲಿ ನಡೆದ ದೌರ್ಜನ್ಯದ ವರದಿ, ಬರೆದುಕೊಂಡರು: ಯಾವ ದಿನ, ಎಲ್ಲಿ, ಯಾರೆದುರು, ಆಸ್ಪತ್ರೆಗೆ ಹೋಗಿದ್ದೆಯಾ. ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಟ್ಟಿತು. ಹೆಣ್ಣುಮಕ್ಕಳಿಗೆ ಇದು ಪುಕ್ಕಟೆ, ಆದಾಯ ಎಷ್ಟಿದ್ದರೂ ಸರಿ.

'ಕರಾರಿನಲ್ಲಿ ನನ್ನ ಹೆಸರೇ ಇಲ್ಲವಲ್ಲ ಮೇಡಂ' ಅಂದೆ.

'ಇರೋದು ಬೇಕಾಗಿಲ್ಲ' ಅಂದರು ವಕೀಲರು. 'ಇಬ್ಬರೂ ಸಂಸಾರ ಮಾಡಿದ ಮನೆ ಅಲ್ವಾ? ಬಾಡಿಗೆದಾದ್ರೂ ಅಲ್ಲಿರೋ ಹಕ್ಕು ನಿಮಗಿದೆ. 17ನೇ ಕಲಂ. ಆದ್ರೆ ಮಾಲೀಕರ ಹಕ್ಕು ಮಾಲೀಕರಿಗೆ ಇದ್ದೇ ಇರುತ್ತೆ. ಬಾಡಿಗೆ ನಿಂತ್ರೆ ಅವರು ಬಿಡಿಸ್ತಾರೆ. ಅದಕ್ಕೇ ಬಾಡಿಗೆ ಕಟ್ಟು ಅಂತ ನಿಮ್ಮ ಗಂಡನಿಗೆ ಆದೇಶ ಕೇಳೋಣ.'

ಸ್ವಂತ ಮನೆಯಾದರೆ ಜಗಳ ಗೋಡೆಗೆ. ನಮ್ಮಂಥವರ ಜಗಳ ಅಡ್ವಾನ್ಸಿಗೆ, ತಿಂಗಳ ಬಾಡಿಗೆಗೆ. 19ನೇ ಕಲಮಿನಲ್ಲಿ ಅದಕ್ಕೂ ದಾರಿ ಇದೆ. ಕೋರ್ಟಿನ ಅನುಮತಿ ಇಲ್ಲದೆ ಮನೆಯ ಹಕ್ಕು ಬಿಟ್ಟುಕೊಡದಂತೆ ಅವನನ್ನು ತಡೆಯಬಹುದು, ಬಾಡಿಗೆ ಅವನೇ ಕಟ್ಟಲಿ ಅನ್ನಬಹುದು. ಕೇಸು ಮುಗಿಯುವವರೆಗೆ ನಡೆಯುವ ಮಧ್ಯಂತರ ಆದೇಶ ಕೇಳಿದೆವು, ಸಿಕ್ಕಿತು. ಅವನು ಮನೆಯಿಂದ ಹೊರಗಿರಬೇಕು, ಮನೆ ಬಿಟ್ಟುಕೊಡಬಾರದು, ಅಡ್ವಾನ್ಸ್ ಹಿಂದಕ್ಕೆ ಪಡೆಯಬಾರದು. ಆದೇಶದ ಒಂದು ಪ್ರತಿ ಪೊಲೀಸ್ ಠಾಣೆಗೆ ಹೋಯಿತು. ಇನ್ನೊಂದನ್ನು ನಾನೇ ಮಾಲೀಕರ ಕೈಗೆ ಕೊಟ್ಟೆ. ಮೊದಲ ವಿಚಾರಣೆಯಿಂದ 60 ದಿನದಲ್ಲಿ ಅರ್ಜಿ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನನಗೆ ಹಿಡಿದದ್ದು 14 ತಿಂಗಳು. ಮಧ್ಯಂತರ ಆದೇಶ ಕೇಳದೆ ಕೂತಿದ್ದರೆ ಮಿಷಿನ್ ಬೀದಿಗೆ ಬೀಳುತ್ತಿತ್ತು.

ಇಲ್ಲೊಂದು ಲೆಕ್ಕ ತಪ್ಪಿದೆವು. ಅವನು ಹೋದ, ಅತ್ತೆ ಉಳಿದರು. ಹೆಂಗಸನ್ನು ಮನೆಯಿಂದ ಹೊರಗೆ ಕಳಿಸುವ ಆದೇಶ ಈ ಕಾಯ್ದೆಯಡಿ ಮಾಡಲು ಬರುವುದಿಲ್ಲವಂತೆ. ಅದು ತಪ್ಪೆಂದು ನಾನು ಹೇಳಲಾರೆ, ಅವರಿಗೂ ಬೇರೆ ಗೂಡಿಲ್ಲ. ಕೆಟ್ಟವರೂ ಅಲ್ಲ, ರಾತ್ರಿ ಹೊಲಿಯುತ್ತ ಕೂತರೆ ಟೀ ಮಾಡಿ ಪಕ್ಕದಲ್ಲಿಡುತ್ತಿದ್ದರು. ಆದರೆ ತಾಯಿ. ನಾನು ಎಷ್ಟು ಹೊತ್ತಿಗೆ ಹೊರಟೆ, ಯಾರ ಬ್ಲೌಸ್ ಕೊಡಲು ಹೋದೆ, ಎಲ್ಲ ಫೋನಿನಲ್ಲಿ ಮಗನಿಗೆ ಮುಟ್ಟುತ್ತಿತ್ತು. ಅವನು ಹೊಸಿಲು ದಾಟಲಿಲ್ಲ, ಬೀದಿ ಕೊನೆಯ ಟೀ ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದ. ಕೋರ್ಟ್ ಕೊಟ್ಟ ಮನೆಯಲ್ಲಿ ನನಗೆ ಒಂದು ರಾತ್ರಿಯೂ ನಿದ್ದೆ ಹತ್ತಲಿಲ್ಲ.

ಮೂರನೇ ತಿಂಗಳು ವಕೀಲರಿಗೆ ಹೇಳಿದೆ, ಈ ಮನೆ ಬೇಡ. ಅದಕ್ಕೂ ಅದೇ ಕಲಮಿನಲ್ಲಿ ಜಾಗವಿತ್ತು: ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಅದರ ಬಾಡಿಗೆ ಕೊಡು ಅಂತ ಗಂಡನಿಗೆ ಹೇಳಬಹುದು. ಪರಿಸ್ಥಿತಿ ಬದಲಾಗಿದೆ, ಆದೇಶ ಬದಲಿಸಿ ಎಂದು ಅರ್ಜಿ ಹಾಕಿದೆವು. ಮೊದಲ ಅರ್ಜಿಯಲ್ಲೇ ಇದನ್ನೂ ಕೇಳಬೇಕಿತ್ತು. ಮನೆಯಲ್ಲೇ ಇರುತ್ತೇನೆ ಅನ್ನುವ ಹಟದಲ್ಲಿ ನನಗೆ ಹೊಳೆಯಲಿಲ್ಲ.

ಆಮೇಲೆ ಟು-ಲೆಟ್ ಬೋರ್ಡು ನೋಡುತ್ತ ಅಲೆದಾಟ. 'ಯಜಮಾನ್ರು ಏನ್ ಮಾಡ್ತಾರಮ್ಮಾ?' ಮೊದಲ ಮನೆಯಲ್ಲಿ ನಿಜ ಹೇಳಿದೆ, ಮೆಟ್ಟಿಲ ಮೇಲೇ ಮಾತು ಮುಗಿಯಿತು. ಎರಡನೆಯದರಲ್ಲಿ ಬೆಂಗಳೂರಲ್ಲಿದಾರೆ ಅಂತ ಸುಳ್ಳು ಹೇಳಿದೆ. ಕರಾರಿಗೆ ಅವರದೇ ಆಧಾರ್ ಬೇಕು ಅಂದರು, ಚಪ್ಪಲಿ ಹಾಕಿಕೊಂಡು ಬಂದೆ. ಮೂರನೆಯ ಮನೆಯ ಕೆಳಗೆ ನಿವೃತ್ತ ಟೀಚರ್ ಒಬ್ಬರೇ ಇದ್ದರು. ಆದೇಶದ ಪ್ರತಿ ಅವರ ಮುಂದಿಟ್ಟು ಕೇಳಿದೆ, 'ಟೀಚರ್, ಸಂಬಂಧಿಕರು ಅಂತ ಯಾರೇ ಬಂದ್ರೂ ಮೇಲೆ ಕಳಿಸಬಾರ್ದು. ಫೋನಲ್ಲಿ ನಾನಿಲ್ಲಿದೀನಿ ಅನ್ನಬಾರ್ದು.' ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ಮೋಟಾರ್ ಒಂಬತ್ತಕ್ಕೆ ಆಫ್ ಮಾಡ್ಬೇಕು, ಅದೊಂದು ನೋಡ್ಕೊ' ಅಂದರು.

ಕರಾರು ನನ್ನೊಬ್ಬಳ ಹೆಸರಿನಲ್ಲಿ ಆಯಿತು. ಬಾಡಿಗೆಯನ್ನು ಕೈಯಲ್ಲಿ ಕೊಡುವುದಿಲ್ಲ, ಫೋನಿನಿಂದಲೇ ಕಳಿಸಿ 'ಬಾಡಿಗೆ' ಅಂತ ಬರೆಯುತ್ತೇನೆ. ಹಳೆಯ ಮಾಲೀಕರು ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಉಳಿದ 63,000 ಅಡವಿನ ರಸೀದಿಯ ಬಲದಿಂದ ಕೋರ್ಟಿನ ಮೂಲಕ ನನ್ನ ಕೈ ಸೇರಿತು. ಸರ ಇನ್ನೂ ಬಿಡಿಸಿಲ್ಲ.

ಗ್ಯಾಸ್ ಸಿಲಿಂಡರ್ ಕೂಡ ಹೊತ್ತು ತರುವವಳಿದ್ದೆ, ಸಾಂತ್ವನದ ಮೇಡಂ ತಡೆದರು. ಸಂಪರ್ಕ ಅವನ ಹೆಸರಿನದು, ಬುಕ್ ಮಾಡಿದಾಗಲೆಲ್ಲ ಮೆಸೇಜು ಅವನ ಮೊಬೈಲಿಗೇ. ಅದನ್ನು ಅತ್ತೆಗೇ ಬಿಟ್ಟು ಎರಡು ತಿಂಗಳು ಕರೆಂಟ್ ಒಲೆಯಲ್ಲಿ ಬೇಯಿಸಿದೆ. ನನ್ನ ಮಗನ ಟ್ಯಾಬಿನಲ್ಲಿ ಇನ್ನೂ ಅವನ ಅಪ್ಪನ ಅಕೌಂಟೇ ಇದ್ದದ್ದು, ಅದು ನಾವಿರುವ ಜಾಗ ತೋರಿಸಬಹುದೆಂಬುದು ನನ್ನ ತಲೆಗೇ ಬಂದಿರಲಿಲ್ಲ. ಸಾಮಾನು ಸಾಗಿಸುವ ಹಿಂದಿನ ರಾತ್ರಿ ಅಕ್ಕನ ಮಗ ಅದನ್ನು ಅಳಿಸಿಕೊಟ್ಟ.

ಕೋರ್ಟ್ ಹೇಳಿದಂತೆ ಗಂಡ ಕೊಡಬೇಕಾದ ಹೊಸ ಮನೆಯ ಬಾಡಿಗೆ ನಾಲ್ಕು ತಿಂಗಳು ಬಂತು, ಆಮೇಲೆ ನಿಂತಿದೆ. ಬಾಕಿಗೆ ಅರ್ಜಿ ಹಾಕಿದ್ದೇವೆ. ಮುಂದಿನ ವಾಯಿದೆಯೊಳಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಬೇಕು.