ಲೋಹದ ಅಯಾನು ಡಿಎನ್‌ಎಯ ಯಾವ ಜಾಗ ಹಿಡಿಯುತ್ತದೆ: ಕಾಯಿಸಿ ನೋಡುವ ನನ್ನ ಕ್ರಮ

ಲೋಹದ ಅಯಾನಿಗೆ ಡಿಎನ್‌ಎಯಲ್ಲಿ ಮುಖ್ಯವಾಗಿ ಎರಡು ಜಾಗ. ಒಂದು, ಬೆನ್ನೆಲುಬಿನ ಫಾಸ್ಫೇಟ್. ಇನ್ನೊಂದು, ಬೇಸ್‌ಗಳ ನೈಟ್ರೋಜನ್. ಗ್ವಾನಿನ್ ಬೇಸ್‌ನ ಏಳನೇ ಸ್ಥಾನದ ನೈಟ್ರೋಜನ್ (ಎನ್7) ಸುರುಳಿಯ ಅಗಲದ ತೋಡಿಗೆ, ಅಂದರೆ ಮೇಜರ್ ಗ್ರೂವ್‌ಗೆ, ತೆರೆದೇ ಇರುವುದರಿಂದ ಅದು ಮೊದಲು ಸಿಗುತ್ತದೆ. ಫಾಸ್ಫೇಟ್ ಹಿಡಿದ ಅಯಾನು ಎರಡು ಎಳೆಗಳ ನಡುವಿನ ವಿಕರ್ಷಣೆ ತಗ್ಗಿಸುತ್ತದೆ, ಕರಗುವ ತಾಪಮಾನ (ಅರ್ಧದಷ್ಟು ಡಿಎನ್‌ಎಯ ಎಳೆಗಳು ಬಿಚ್ಚಿಕೊಳ್ಳುವ ತಾಪಮಾನ) ಏರುತ್ತದೆ. ಬೇಸ್ ಹಿಡಿಯುವ ಅಯಾನು ಬಿಚ್ಚಿದ ಎಳೆಯನ್ನೇ ಹೆಚ್ಚು ಇಷ್ಟಪಡುವುದರಿಂದ ಅದೇ ತಾಪಮಾನ ಇಳಿಯುತ್ತದೆ. ಒಂದು ತುದಿಗೆ ಮೆಗ್ನೀಸಿಯಂ, ಇನ್ನೊಂದಕ್ಕೆ ತಾಮ್ರ. ಕೋಬಾಲ್ಟ್, ನಿಕಲ್, ಮ್ಯಾಂಗನೀಸ್, ಸತು ನಡುವೆ ಬರುತ್ತವೆ. ಹಾಗಾಗಿ ಬೇರೆ ಯಾವ ಉಪಕರಣಕ್ಕೂ ಮೊದಲು ನಾನು ಕರಗುವ ರೇಖೆಯನ್ನೇ ತೆಗೆಯುತ್ತೇನೆ: ಎಳೆ ಬಿಚ್ಚಿದಂತೆ ಡಿಎನ್‌ಎ ನೇರಳಾತೀತ ಬೆಳಕನ್ನು ಹೆಚ್ಚು ಹೀರುತ್ತದೆ, ತಾಪಮಾನದೊಡನೆ ಆ ಹೀರಿಕೆ ಏರುವುದನ್ನು ತೋರಿಸುವ ರೇಖೆ ಇದು.

ಕೆಲಸ ಕೆಡುವುದು ಬಹುಪಾಲು ಬಫರ್‌ನಲ್ಲಿ, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದಲ್ಲಿ. ಫಾಸ್ಫೇಟ್ ಬಫರ್ ಲೋಹವನ್ನು ಗಸಿಯಾಗಿ ಇಳಿಸುತ್ತದೆ. ಟ್ರಿಸ್ ಎಂಬ ಬಫರ್ ತಾಮ್ರವನ್ನು ತಾನೇ ಹಿಡಿದುಕೊಳ್ಳುತ್ತದೆ. ಸಾಲದ್ದಕ್ಕೆ ಡಿಗ್ರಿಗೆ 0.028ರಂತೆ ಅದರ ಪಿಎಚ್ ಇಳಿದು, 25ರಿಂದ 95 ಡಿಗ್ರಿಗೆ ಹೋಗುವಷ್ಟರಲ್ಲಿ ಸುಮಾರು 2 ಘಟಕ ಕುಸಿದಿರುತ್ತದೆ. ನಾನು ಬಳಸುವುದು 5 ಮಿಲಿಮೋಲಾರ್ ಎಂಇಎಸ್ ಬಫರ್, ಪಿಎಚ್ 6.2, ಜೊತೆಗೆ 5 ಮಿಲಿಮೋಲಾರ್ ಸೋಡಿಯಂ ನೈಟ್ರೇಟ್. ಪಿಎಚ್ ಇದಕ್ಕಿಂತ ಮೇಲೇರಿದಂತೆ ತಾಮ್ರ ಹೈಡ್ರಾಕ್ಸೈಡ್ ಆಗತೊಡಗುತ್ತದೆ. ಉಪ್ಪು ಹೆಚ್ಚಿಸಿದರೆ ಸೋಡಿಯಂ ಫಾಸ್ಫೇಟ್‌ಗಳನ್ನು ಮುತ್ತಿ, ನೋಡಬೇಕಾದ ಪರಿಣಾಮವನ್ನೇ ಮುಚ್ಚಿಬಿಡುತ್ತದೆ.

ಲೋಹವನ್ನು ಬಿಗಿಯಾಗಿ ಹಿಡಿದಿಡುವ ಇಡಿಟಿಎ ವಿಷಯಕ್ಕೆ ಲೆಕ್ಕ ಹಾಕಿಯೇ ನೋಡಬೇಕು. ಡಿಎನ್‌ಎಯನ್ನು ಟಿಇ (ಟ್ರಿಸ್ ಮತ್ತು ಇಡಿಟಿಎ) ಬಫರ್‌ನಲ್ಲಿ ಇಟ್ಟಿದ್ದರೆ ಅದರಲ್ಲಿ 1 ಮಿಲಿಮೋಲಾರ್ ಇಡಿಟಿಎ ಇರುತ್ತದೆ. 20 ಪಟ್ಟು ತೆಳುಮಾಡಿದರೂ 50 ಮೈಕ್ರೋಮೋಲಾರ್ ಉಳಿಯಿತು. ನಾವು ಹಾಕುವ ತಾಮ್ರ 37.5 ಮೈಕ್ರೋಮೋಲಾರ್ ಆಗಿದ್ದರೆ ಅಷ್ಟನ್ನೂ ಇಡಿಟಿಎ ನುಂಗುತ್ತದೆ. ರೇಖೆ ಅಲುಗುವುದಿಲ್ಲ, ತಾಮ್ರ ಅಂಟುವುದೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಅದಕ್ಕೆ ಡಿಎನ್‌ಎಯನ್ನು ಮೊದಲು ಇಡಿಟಿಎ ಇರುವ ಉಪ್ಪುನೀರಿಗೆ, ಆಮೇಲೆ ಇಡಿಟಿಎ ಇಲ್ಲದ್ದಕ್ಕೆ ಮೂರ್ನಾಲ್ಕು ಸಲ ಬದಲಿಸಿ ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲದಲ್ಲಿಟ್ಟು ತೊಳೆಯುವುದು) ಮಾಡುತ್ತೇನೆ. ಉಳಿದ ಲೋಹದ ಕುರುಹೂ ಹೋಗಲು ಬಫರ್ ಲೋಹ ಹಿಡಿಯುವ ಚೆಲೆಕ್ಸ್ ರಾಳದ ಮೂಲಕ ಹಾದು ಬರಬೇಕು, ಗಾಜು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆದಿರಬೇಕು.

ಕರುವಿನ ಥೈಮಸ್ ಡಿಎನ್‌ಎಗೆ 260 ನ್ಯಾನೋಮೀಟರ್‌ನಲ್ಲಿ ಮೋಲಾರ್ ಹೀರಿಕೆ ಗುಣಾಂಕ ನ್ಯೂಕ್ಲಿಯೋಟೈಡಿಗೆ 6600 ಎಂದು ಹಿಡಿದು 75 ಮೈಕ್ರೋಮೋಲಾರ್ ತೆಗೆದುಕೊಂಡರೆ ಹೀರಿಕೆ 0.5ರ ಆಸುಪಾಸು ಬರುತ್ತದೆ. ಲೋಹ ಮತ್ತು ನ್ಯೂಕ್ಲಿಯೋಟೈಡ್ ಅನುಪಾತ 0, 0.1, 0.2, 0.5, 1. ಲೋಹ ಹಾಕಿ ಅರ್ಧ ಗಂಟೆ ಬಿಟ್ಟು, ನಿರ್ವಾತದಲ್ಲಿ ಗಾಳಿ ತೆಗೆದು, ಮುಚ್ಚಳ ಬಿಗಿದು, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಕಾಯಿಸುತ್ತೇನೆ. ಗಾಳಿ ಉಳಿದರೆ 60 ಡಿಗ್ರಿ ದಾಟುತ್ತಿದ್ದಂತೆ ಗುಳ್ಳೆ ಎದ್ದು ರೇಖೆ ಹಲ್ಲುಹಲ್ಲಾಗುತ್ತದೆ. 320 ನ್ಯಾನೋಮೀಟರ್ ಜೊತೆಗೇ ಓಡಲಿ. ಅಲ್ಲಿ ಹೀರಿಕೆ ಏರಿದರೆ ಡಿಎನ್‌ಎ ಮುದ್ದೆಗಟ್ಟಿ ಬೆಳಕು ಚದುರಿಸುತ್ತಿದೆ ಎಂದರ್ಥ. ಆ ರೇಖೆಯಿಂದ ತಾಪಮಾನ ಓದಬಾರದು.

ಒಮ್ಮೆ ಕಾಯಿಸಿದ ಮಾದರಿಯನ್ನು ಎರಡನೇ ರೇಖೆಗೆ ಬಳಸುವುದಿಲ್ಲ. ಡಿಟಿಟಿ, ಆಸ್ಕಾರ್ಬೇಟ್‌ನಂಥ ಅಪಕರ್ಷಕಗಳು ಹತ್ತಿರ ಸುಳಿಯಬಾರದು, ತಾಮ್ರದೊಡನೆ ಸೇರಿ ಎಳೆ ಕತ್ತರಿಸುತ್ತವೆ. ಆರ್‌ಎನ್‌ಎಗೆ ಈ ವಿಧಾನ ಬೇಡ, ಬಿಸಿಯಲ್ಲಿ ಸತುವೇ ಅದನ್ನು ತುಂಡು ಮಾಡುತ್ತದೆ.

ತಾಮ್ರ ಬೇಸ್ ಹಿಡಿದಿದೆಯೇ ಎಂಬುದಕ್ಕೆ ನಾನು ಹೆಚ್ಚು ನಂಬುವ ಪರೀಕ್ಷೆ ಇನ್ನೊಂದಿದೆ. ಅನುಪಾತ 1ರ ಮಾದರಿಯನ್ನು ಕಾಯಿಸಿ ತಣಿಸಿದರೆ ಹೀರಿಕೆ ಮೇಲೆಯೇ ನಿಂತಿರುತ್ತದೆ, ಎಳೆಗಳು ಕೂಡುವುದಿಲ್ಲ. ಆಗ ಕೋಣೆಯ ತಾಪಮಾನದಲ್ಲೇ ಸೋಡಿಯಂ ನೈಟ್ರೇಟ್ ಪುಡಿ ಕರಗಿಸಿ ನೋಡಿ: ತಾಮ್ರ ಬೇಸ್‌ಗಳನ್ನು ಬಿಡುತ್ತದೆ, ಹೀರಿಕೆ ಇಳಿಯುತ್ತದೆ, ಸುರುಳಿ ಮತ್ತೆ ಹೆಣೆದುಕೊಳ್ಳುತ್ತದೆ. 1965ರಲ್ಲಿ ಐಕ್‌ಹಾರ್ನ್ ಮತ್ತು ಕ್ಲಾರ್ಕ್ ತೋರಿಸಿದ್ದು ಇದನ್ನೇ.