ಹವಳದ ರೋಗನಿರೋಧಕತೆ ಅಳೆಯುವ ಕೆಲಸ: ನಾನು ಅನುಸರಿಸುವ ಕ್ರಮ

ಹವಳದಲ್ಲಿ ನಮ್ಮಂತೆ ಪ್ರತಿಕಾಯಗಳಿಲ್ಲ. ಗಾಯವಾದಾಗ, ರೋಗಾಣು ಹೊಕ್ಕಾಗ ಅದು ಬಳಸುವ ಅಸ್ತ್ರಗಳಲ್ಲಿ ಮೆಲನಿನ್ ಮುಖ್ಯ. ಅದನ್ನು ತಯಾರಿಸುವ ಸರಣಿಯ ಕಿಣ್ವ ಫೀನಾಲ್‌ಆಕ್ಸಿಡೇಸ್. ನಾನು ಹೆಚ್ಚಾಗಿ ಅಳೆಯುವುದು ಇದನ್ನೇ.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಲಕ್ಷದ್ವೀಪವಿರಲಿ, ಮುರ್ಡೇಶ್ವರದೆದುರಿನ ನೇತ್ರಾಣಿಯಿರಲಿ, ಅನುಮತಿಪತ್ರ ಬರುವವರೆಗೆ ಉಳಿ ಮುಟ್ಟುವಂತಿಲ್ಲ.

ಬಿಳಿ ಕಲೆಯೆಲ್ಲ ರೋಗವಲ್ಲ. ಗಿಳಿಮೀನು ಕಚ್ಚಿದ್ದರೆ ಸುಣ್ಣದ ಅಸ್ಥಿಪಂಜರವೇ ಕೆರೆದಿರುತ್ತದೆ. ಡ್ರುಪೆಲ್ಲಾ ಬಸವನಹುಳು ತಿಂದಿದ್ದರೆ ಹುಳು ಅಲ್ಲೇ ಸಂದಿಯಲ್ಲಿ ಸಿಗುತ್ತದೆ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಅಂಚಿಗೆ ಗುರುತಿನ ಮೊಳೆ ಹೊಡೆದು, ಕೆಲವು ದಿನಗಳ ನಂತರ ಮತ್ತೆ ನೋಡಿದರೆ ಅನುಮಾನ ತೀರುತ್ತದೆ.

ಮಾದರಿ ಮೂರು ಕಡೆಯಿಂದ: ಕಲೆಯ ಅಂಚು, ಅದೇ ಹವಳದ ದೂರದ ಭಾಗ, ಪಕ್ಕದ ಆರೋಗ್ಯವಂತ ಹವಳ. 2–3 ಸೆಂ.ಮೀ. ತುಂಡು ಸಾಕು. ದೋಣಿಗೆ ಬಂದೊಡನೆ ದ್ರವ ಸಾರಜನಕಕ್ಕೆ ಹಾಕುತ್ತೇನೆ. ಬರೀ ಮಂಜುಗಡ್ಡೆಯಲ್ಲಿಟ್ಟರೆ ಅಂಗಾಂಶದಲ್ಲಿನ, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳು ಇನ್ನೂ ನಿಷ್ಕ್ರಿಯವಾಗಿರುವ ಫೀನಾಲ್‌ಆಕ್ಸಿಡೇಸನ್ನು ದಾರಿಯಲ್ಲೇ ಎಚ್ಚರಿಸುತ್ತವೆ. ಆಮೇಲೆ ಅಳೆಯುವುದು ಹವಳದ ಶಕ್ತಿಯನ್ನಲ್ಲ, ಪ್ರಯಾಣದ ಹೊತ್ತನ್ನು.

ಪ್ರಯೋಗಾಲಯದಲ್ಲಿ ಏರ್‌ಬ್ರಷ್‌ನಿಂದ ಅಂಗಾಂಶ ಕಿತ್ತು, 100 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ, ಪಿಎಚ್ 7.8) ಹಿಡಿದು, ಅರೆದು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಬಫರ್‌ಗೆ ಸೇರಿಸುವ ಡಿಟಿಟಿ (ಡೈಥಯೋಥ್ರೈಟಾಲ್, ಆಕ್ಸಿಡೀಕರಣ ತಡೆಯುವ ರಾಸಾಯನಿಕ) 0.05 ಮಿಲಿಮೋಲಾರ್ ಮೀರಬಾರದು: ಜಾಸ್ತಿಯಾದರೆ ಅದು ಕಿಣ್ವ ಹುಟ್ಟಿಸುವ, ಬಣ್ಣಕ್ಕೆ ಮೂಲವಾದ ಕ್ವಿನೋನ್‌ಗಳನ್ನು ಹಿಡಿದುಕೊಂಡು ಬಣ್ಣವೇ ಮೂಡುವುದಿಲ್ಲ. ಮೇಲೆ ಉಳಿದ ತಿಳಿದ್ರವವನ್ನು ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ; ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಮೈಕ್ರೋಪ್ಲೇಟ್‌ನಲ್ಲಿ ಮಾದರಿಗೆ 10 ಮಿಲಿಮೋಲಾರ್ ಎಲ್-ಡೋಪಾ (ಕಿಣ್ವ ಬಣ್ಣಕ್ಕೆ ತಿರುಗಿಸುವ ಕಚ್ಚಾವಸ್ತು) ಹಾಕಿ 490 ನ್ಯಾನೋಮೀಟರ್‌ನಲ್ಲಿ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ಓದುತ್ತೇನೆ. ನಿಷ್ಕ್ರಿಯವಾಗಿ ಉಳಿದ ಕಿಣ್ವವೂ ಲೆಕ್ಕಕ್ಕೆ ಬೇಕಾದರೆ ಇನ್ನೊಂದು ಸಾಲಿಗೆ ಮೊದಲು ಅದನ್ನು ಎಚ್ಚರಿಸುವ ಟ್ರಿಪ್ಸಿನ್ (ಇದೂ ಒಂದು ಪ್ರೋಟಿಯೇಸ್). ಡೋಪಾ ತಾನಾಗಿಯೇ ಕಂದಾಗುವ ವಸ್ತು, ಅದಕ್ಕೇ ಆ ದಿನವೇ ಕಲಸಿ ಫಾಯಿಲ್ ಸುತ್ತಿಡಬೇಕು, ಮಾದರಿಯಿಲ್ಲದ ಬ್ಲ್ಯಾಂಕ್ ಪ್ರತಿ ಪ್ಲೇಟ್‌ನಲ್ಲೂ ಇರಬೇಕು. ಸಹಜೀವಿ ಪಾಚಿಯ ಪೆರಿಡಿನಿನ್ ಎಂಬ ವರ್ಣದ್ರವ್ಯ ಕೂಡ ಇದೇ ಆಸುಪಾಸಿನ ಬೆಳಕನ್ನು ಹೀರುವುದರಿಂದ ಕೊನೆಯ ಅಂಕಿಯನ್ನು ನಂಬದೆ ನಿಮಿಷಕ್ಕೆಷ್ಟು ಏರಿತು ಎಂಬುದನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ನಿಜವಾದ ತಕರಾರು ಭಾಗಾಕಾರದಲ್ಲಿದೆ. ಸಾಮಾನ್ಯವಾಗಿ ಚಟುವಟಿಕೆಯನ್ನು ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಹೇಳುತ್ತಾರೆ. ಬಿಳಿಚಿದ ಹವಳದಲ್ಲಿ ಅಂಗಾಂಶವೇ ತೆಳುವಾಗಿ, ಪಾಚಿಯೂ ಹೋಗಿ ಪ್ರೋಟೀನ್ ಇಳಿದಿರುತ್ತದೆ. ಛೇದ ಕುಗ್ಗಿದ್ದಕ್ಕೇ ಸಾಯುತ್ತಿರುವ ಹವಳ ಬಲಶಾಲಿಯಂತೆ ಕಾಣಬಹುದು. ಇಂಥ ಗ್ರಾಫ್ ಕಂಡರೆ ನಾನು ಮೊದಲು ಹುಡುಕುವುದು ಚದರ ಸೆಂಟಿಮೀಟರ್ ಲೆಕ್ಕವನ್ನು. ಅದಕ್ಕೆ ಅಂಗಾಂಶ ತೆಗೆದ ತುಂಡನ್ನು ಒಣಗಿಸಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಎರಡು ಸಲ ಅದ್ದಿ, ಎರಡನೇ ಲೇಪನದಿಂದ ಏರಿದ ತೂಕವನ್ನು ಅಳತೆ ಗೊತ್ತಿರುವ ಮರದ ತುಂಡುಗಳ ಜೊತೆ ಹೋಲಿಸಿದರಾಯಿತು. ಪ್ರೋಟೀನ್ ಅಳೆಯಲು, ಬಣ್ಣ ಅಂಟಿಸಿ ನೋಡುವ ಬ್ರಾಡ್‌ಫರ್ಡ್ ವಿಧಾನವೇ ವಾಸಿ. ಪ್ರೋಟೀನ್ ತಾಮ್ರವನ್ನು ಅಪಕರ್ಷಿಸುವುದನ್ನೇ ಅಳೆಯುವ ಬಿಸಿಎ ವಿಧಾನದಲ್ಲಿ ಡಿಟಿಟಿಯೂ ತಾಮ್ರವನ್ನು ಅಪಕರ್ಷಿಸಿ ಅಂಕಿ ಉಬ್ಬಿಸಬಹುದು. ಪ್ರೋಟೀನ್ ಲೆಕ್ಕ, ಚದರ ಸೆಂಟಿಮೀಟರ್ ಲೆಕ್ಕ ಎರಡೂ ಒಂದೇ ದಿಕ್ಕು ತೋರಿಸದಿದ್ದರೆ ಎರಡನ್ನೂ ಪ್ರಕಟಿಸಿ.