ಕೇಳಿ ಕೊಡಿ ಟೀಚರೇ

ನಾನು ಹೆಡ್‌ಟೀಚರ್ ಆದ ಮೊದಲ ವರ್ಷ ಕ್ರಿಸ್‌ಮಸ್ ರಜೆಯ ಮುಂಚಿನ ದಿನ ಶಾಲೆಯ ಎಲ್ಲ ಮಕ್ಕಳಿಗೂ ಪ್ಲಮ್ ಕೇಕ್ ಹಂಚಿಸಿದೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ತಿನ್ನಲಿಲ್ಲ. ಬೇಡ ಅನ್ನಲೂ ಧೈರ್ಯ ಬರಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು, ಕೇಕನ್ನು ಅದರಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದ್ದ. ಸಂಜೆ ಅವನ ಅಪ್ಪ ಬಂದರು. ಅಡಿಕೆ ತೋಟದವರು, ಹವ್ಯಕ ಬ್ರಾಹ್ಮಣರು. ಸಿಟ್ಟು ಮಾಡಲಿಲ್ಲ. "ಮೊಟ್ಟೆ ಹಾಕಿದ್ದಾರಾ ಟೀಚರೇ? ಮಗ ದಾರಿಯುದ್ದಕ್ಕೂ ಅತ್ತುಕೊಂಡು ಬಂದ" ಅಂದರು.

ಬೇಕರಿಯಲ್ಲಿ ವಿಚಾರಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಒಣಹಣ್ಣನ್ನು ರಮ್ಮಿನಲ್ಲಿ ನೆನೆಹಾಕಿದ್ದರು. ನಮ್ಮ ಮುಸ್ಲಿಂ ಮಕ್ಕಳೆಲ್ಲ ಅದನ್ನು ತಿಂದಿದ್ದರು. ರಜೆ ಮುಗಿದ ಕೂಡಲೇ ಪಿಟಿಎ ಮೀಟಿಂಗ್ ಕರೆದೆ, ಎದ್ದುನಿಂತು ಕ್ಷಮೆ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಉಮ್ಮ ಹೇಳಿದರು: "ಗೊತ್ತಿಲ್ಲದೆ ಆದದ್ದಲ್ವಾ. ಇನ್ನು ಕೇಳಿ ಕೊಡಿ ಟೀಚರೇ."

ನಾನು ಶಾಲೆ ನಡೆಸಲು ಕಲಿತದ್ದು ಆ ಮಾತಿನಿಂದ.

ನಮ್ಮದು ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದ ಕನ್ನಡ ಮೀಡಿಯಂ ಶಾಲೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಪಾಠ ಕನ್ನಡದಲ್ಲೇ ನಡೆದಿದೆ. ನಾನು ಮನೆಯಲ್ಲಿ ಕೊಂಕಣಿ ಮಾತಾಡುತ್ತೇನೆ. ಮಕ್ಕಳ ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಮರಾಠಿ. ಕ್ರಿಸ್ತನ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಕಾವ್ಯ ಬರೆದ ಗೋವಿಂದ ಪೈಗಳು ಇದೇ ಮಂಜೇಶ್ವರದವರು. ಅವರು ಕ್ರೈಸ್ತರಲ್ಲ. ನನಗೆ ಇದು ಜಾಸ್ತಿ ಧೈರ್ಯ ಕೊಡುವ ಸಂಗತಿ.

ಗೋಡೆಯ ಶಿಲುಬೆ ತೆಗೆದರೆ ಒಳ್ಳೆಯದೇನೋ ಎಂದು ಸಹೋದ್ಯೋಗಿಗಳು ಒಮ್ಮೆ ಕೇಳಿದರು. ನಾನು ಒಪ್ಪಲಿಲ್ಲ. ಯಾವ ಮನೆಯವರೂ ಹಾಗೆ ಕೇಳಿಲ್ಲ. ಇಗರ್ಜಿಯ ಶಾಲೆ ಎಂದು ಗೊತ್ತಿದ್ದೇ ಮಕ್ಕಳನ್ನು ಕಳಿಸಿದ್ದಾರೆ. ಬದಲಾಯಿಸಿದ್ದು ಪ್ರಾರ್ಥನೆಯ ರೀತಿಯನ್ನು. ಕೈ ಮುಗಿಯಲೇಬೇಕು, ಶಿಲುಬೆಯ ಗುರುತು ಹಾಕಲೇಬೇಕು ಅನ್ನುವುದನ್ನು ಬಿಟ್ಟೆವು. ಸುಮ್ಮನೆ ನಿಂತರೆ ಸಾಕು. ಸಂವಿಧಾನದ 28ನೇ ವಿಧಿಯೂ ಇದನ್ನೇ ಹೇಳುತ್ತದೆ: ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಕೇರಳದ್ದೇ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಹಾಡುವುದಿಲ್ಲವೆಂದು ಅವರನ್ನು ಶಾಲೆಯಿಂದ ತೆಗೆದಿದ್ದರು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮನೆಯವರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಯೇಸುವಿನ ಹೆಸರು ಹೇಳುವ ಮಕ್ಕಳಿಗೆ ಸಿಕ್ಕ ಆ ರಕ್ಷಣೆಯನ್ನು ನಾವು ಬೇರೆಯವರ ಮಕ್ಕಳಿಗೆ ಕೊಡದೆ ಇರುವುದು ಹೇಗೆ?

ಉಳಿದದ್ದೆಲ್ಲ ಸಣ್ಣ ಸಣ್ಣ ಸಂಗತಿ. ಶುಕ್ರವಾರ ಜುಮ್ಮಾಕ್ಕೆ ಮಧ್ಯಾಹ್ನದ ಬಿಡುವು ಉದ್ದ. ಶಬರಿಮಲೆಗೆ ಮಾಲೆ ಹಾಕಿದ ಹುಡುಗ ಕಪ್ಪು ಬಟ್ಟೆಯಲ್ಲಿ ಬರಿಗಾಲಿನಲ್ಲಿ ಬಂದಾಗ ಪಿ.ಟಿ. ಮಾಸ್ತರು ಶೂ ಎಲ್ಲಿ ಎಂದು ಗದರಿದರು. ನಾನು ಅವರನ್ನು ಆಫೀಸಿಗೆ ಕರೆದು, ಮನೆಯವರನ್ನು ಮೊದಲು ಕೇಳೋಣ ಮಾಸ್ತ್ರೇ ಅಂದೆ. ಅವರು ಆಮೇಲೆ ತಾವೇ ಅಂಗಳದ ಜಲ್ಲಿಕಲ್ಲು ಗುಡಿಸಿಸಿದರು.

ಈಗ ಕ್ರಿಸ್‌ಮಸ್‌ಗೆ ಕೇಕ್ ಇಲ್ಲ. ಕುಸ್ವಾರಿನಲ್ಲಿ, ಅಂದರೆ ನಮ್ಮ ಕ್ರಿಸ್‌ಮಸ್ ತಿಂಡಿಗಳಲ್ಲಿ, ಕರ್ಜಿಕಾಯಿಯಂಥ ನೆವ್ರಿಯನ್ನು ಮಾತ್ರ ಹಂಚುತ್ತೇವೆ. ತೆಂಗಿನಕಾಯಿ, ಎಳ್ಳು, ಬೆಲ್ಲದ ಹೂರಣ, ಕರಿಯುವುದು ತೆಂಗಿನೆಣ್ಣೆಯಲ್ಲಿ. ಏನೇನು ಹಾಕಿದ್ದೇವೆ ಎಂದು ಮುಂಚಿನ ವಾರವೇ ಚೀಟಿ ಬರೆದು ಮನೆಗೆ ಕಳಿಸುತ್ತೇವೆ. ಆದರೂ ಬೇಡ ಅನ್ನುವವರಿಗೆ ಬೇಡ. ಬೇಡ ಎಂದ ಮಗುವಿಗೆ ಬಾಳೆಹಣ್ಣು ಇರುತ್ತದೆ, ಎಲ್ಲರಿಗೂ ಕೊಡುವ ತಟ್ಟೆಯಲ್ಲೇ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ನಮ್ಮ ಕೊಂಕಣಿ ಕ್ರೈಸ್ತರ ತೆನೆ ಹಬ್ಬ. ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಹಂಚಬೇಕು. ನಮ್ಮವರ ಗದ್ದೆಗಳೆಲ್ಲ ಅಡಿಕೆ ತೋಟ ಆಗಿವೆ, ತೆನೆ ಸಿಗುವುದೇ ಕಷ್ಟ. ಕಳೆದ ವರ್ಷ ಮುಂಚಿನ ದಿನ ಬೆಳಗ್ಗೆ ಶಾಲೆಯ ಗೇಟಿನಲ್ಲಿ ಒಂದು ಜೀಪು ನಿಂತಿತು. ಅದೇ ಕೇಕಿನ ಹುಡುಗನ ಅಪ್ಪ. ತೋಟದ ಕೆಳಗೆ ಉಳಿಸಿಕೊಂಡ ಒಂದೇ ಒಂದು ಗದ್ದೆಯಿಂದ ಕೊಯ್ದ ತೆನೆ, ಇನ್ನೂ ಇಬ್ಬನಿ ಆರಿರಲಿಲ್ಲ.

"ಎಷ್ಟು ಕಟ್ಟು ಬೇಕಾದೀತು ಟೀಚರೇ?" ಎಂದು ಕೇಳಿದರು. "ಕೇಳಿಯೇ ಇಳಿಸೋಣ ಅಂತ."